ಓದಿನ ಋಣ: ಅಂಬೇಡ್ಕರರ ವ್ಯಾಸಂಗವನ್ನು ಕುರಿತು ಒಂದು ವಿಚಾರ

ಪುಸ್ತಕಪ್ರೇಮಿ ಎಂಬ ಮಾತನ್ನು ನಾವು ತೀರ ಸಡಿಲವಾಗಿ ಬಳಸುತ್ತೇವೆ. ಕಪಾಟು ತುಂಬಿದವನೂ ಪುಸ್ತಕಪ್ರೇಮಿಯೇ, ತಲೆ ತುಂಬಿದವನೂ ಪುಸ್ತಕಪ್ರೇಮಿಯೇ. ಡಾ. ಬಾಬಾಸಾಹೇಬ ಅಂಬೇಡ್ಕರರ ವ್ಯಾಸಂಗವನ್ನು ಕುರಿತು ಬರೆಯುವವರು ಈ ಸಡಿಲತೆಯಿಂದ ಪಾರಾದುದು ವಿರಳ. ಅವರ ಗ್ರಂಥಗಳ ಸಂಖ್ಯೆ, ಓದಿದ ಗಂಟೆಗಳ ಲೆಕ್ಕ, ದಾದರಿನ ‘ರಾಜಗೃಹ’ದಲ್ಲಿ ಪುಸ್ತಕಗಳಿಗೆ ದೊರೆತ ಸ್ಥಾನ, ಇವುಗಳ ವರ್ಣನೆಯಲ್ಲಿಯೇ ಲೇಖನಿ ನಿಂತುಬಿಡುತ್ತದೆ. ಲೆಕ್ಕಪತ್ರಗಳ ನಡುವೆ ಜೀವಿಸುವ ನನಗೆ ಸಂಖ್ಯೆಗಳಲ್ಲಿ ಅನಾದರವಿಲ್ಲ. ಆದರೆ ಓದುಗನ ಯೋಗ್ಯತೆ ಅವನ ಸಂಗ್ರಹದಿಂದ ನಿರ್ಣಯವಾಗತಕ್ಕದ್ದಲ್ಲ. ಓದಿದುದಕ್ಕೆ ಅವನು ಕೊಟ್ಟ ಉತ್ತರದಿಂದ ನಿರ್ಣಯವಾಗತಕ್ಕದ್ದು.

ಈ ಉತ್ತರಿಸುವ ಗುಣ ಅಂಬೇಡ್ಕರರಲ್ಲಿ ಬಾಲ್ಯದಿಂದಲೂ ಇದ್ದಿತು. ತಂದೆ ರಾಮಜಿ ಸಕಪಾಲರು ಮಕ್ಕಳಿಂದ ರಾಮಾಯಣ ಮಹಾಭಾರತಗಳನ್ನು ಓದಿಸುತ್ತಿದ್ದರು. ಇವನ್ನು ನಾವೇಕೆ ಓದಬೇಕು ಎಂದು ಮಗ ಕೇಳಿದನು. ತಂದೆಯವರು ಕರ್ಣ, ವಾಲ್ಮೀಕಿಯರು ಏರಿದ ಎತ್ತರವನ್ನು ತೋರಿಸಿದರು, ಮಗನಿಗೆ ಸಮಾಧಾನವಾಗಲಿಲ್ಲ. ಮುಂದೆ ಶಾಲೆಯ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾದಾಗ, ಸಮಾಜಬಾಂಧವರು ಏರ್ಪಡಿಸಿದ ಸಭೆಯಲ್ಲಿ, ಮರಾಠಿ ಲೇಖಕ ಕೃಷ್ಣಾಜಿ ಅರ್ಜುನ ಕೆಳುಸ್ಕರರು ತಾವು ರಚಿಸಿದ ಬುದ್ಧಚರಿತ್ರೆಯನ್ನು ಆ ಹುಡುಗನ ಕೈಗಿತ್ತರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ಬಲ್ಲ ಕನ್ನಡಿಗರಿಗೆ ಶಾಸ್ತ್ರದಾನದ ಮಹಿಮೆಯನ್ನು ಹೇಳಬೇಕಾಗಿಲ್ಲ. ಆದರೆ ಕೊಟ್ಟವರ ಕೀರ್ತಿಯನ್ನು ಹಾಡಿದ ನಾವು ಪಡೆದವನ ಹೊಣೆಯನ್ನು ಅಷ್ಟಾಗಿ ವಿಚಾರಿಸಿದವರಲ್ಲ.

1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ ಅಂಬೇಡ್ಕರರು ಪುಸ್ತಕಗಳನ್ನು ಬಹುವಾಗಿ ಕೂಡಿಸಿದರು. 1917ರಲ್ಲಿ, ಮಹಾಯುದ್ಧದ ನಡುವೆ, ಅವರ ಗ್ರಂಥಗಳನ್ನು ಹೊತ್ತು ಬರುತ್ತಿದ್ದ ಹಡಗು ಶತ್ರುವಿನ ಆಘಾತಕ್ಕೆ ಸಿಕ್ಕಿ ಮುಳುಗಿತು. ಸಂಗ್ರಹವೇ ಓದಾಗಿದ್ದ ಪಕ್ಷದಲ್ಲಿ ಆ ಓದೂ ಸಮುದ್ರದ ಪಾಲಾಗಬೇಕಾಗಿತ್ತು. ಹಾಗಾಗಲಿಲ್ಲ. 1920ರಲ್ಲಿ ಅವರು ಮತ್ತೆ ಲಂಡನ್ನಿಗೆ ಹೋದರು. ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯದಲ್ಲಿ ಕುಳಿತರು. 1923ರಲ್ಲಿ ‘ದಿ ಪ್ರಾಬ್ಲೆಮ್ ಆಫ್ ದಿ ರುಪೀ’ ಪ್ರಕಟವಾಯಿತು.

ಈ ಗ್ರಂಥವನ್ನು ನಾನು ಕೈಗೆತ್ತಿಕೊಂಡುದು ವೃತ್ತಿಯ ನಿಮಿತ್ತ. ಅದರಿಂದ ಕಲಿಯಬೇಕಾದುದು ಓದುವ ಕ್ರಮವನ್ನು. ಸುವರ್ಣ ವಿನಿಮಯ ಪದ್ಧತಿಯನ್ನು 1913ರಲ್ಲಿ ಸಮರ್ಥಿಸಿದ್ದ ಕೇನ್ಸರು ಆ ವಿಷಯದಲ್ಲಿ ಪ್ರಮಾಣಪುರುಷರು. ಅಂಬೇಡ್ಕರರು ಅವರಿಗೆ ತಲೆಬಾಗುವುದಿಲ್ಲ, ತಳ್ಳಿಯೂ ಹಾಕುವುದಿಲ್ಲ. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು ಮಂಡಿಸುವಂತೆ ಎದುರಾಳಿಯ ಮಾತನ್ನು ಮುಂದಿಟ್ಟು, ಬಳಿಕ ತಮ್ಮ ಸಿದ್ಧಾಂತಕ್ಕೆ ಬರುತ್ತಾರೆ. ಆ ಪದ್ಧತಿಯಲ್ಲಿ ರೂಪಾಯಿಯ ಟಂಕನಕ್ಕೆ ಸರಕಾರದ ಇಚ್ಛೆಯ ಹೊರತು ಬೇರೆ ಕಡಿವಾಣವಿಲ್ಲ. ವಿನಿಮಯದರ ಸ್ಥಿರವಾಗಿದ್ದರೂ ಒಳನಾಡಿನಲ್ಲಿ ನಾಣ್ಯದ ಬೆಲೆ ಕುಸಿಯಬಹುದು. ಇದು ಅವರ ಆಕ್ಷೇಪ. ಗುರುಗಳಾದ ಎಡ್ವಿನ್ ಕ್ಯಾನನ್ನರು ಪೀಠಿಕೆಯಲ್ಲಿಯೇ ತಮ್ಮ ಭಿನ್ನಾಭಿಪ್ರಾಯವನ್ನು ತಿಳಿಸಿದ್ದಾರೆ. ಶಿಷ್ಯನು ಅದನ್ನು ಮುಂದಿಟ್ಟುಕೊಂಡೇ ಗ್ರಂಥವನ್ನು ಹೊರತಂದುದು ಓದುಗನ ಪ್ರಾಮಾಣಿಕತೆಗೆ ಸಾಕ್ಷಿ.

ಇಂಥ ಓದುಗನ ಕೊನೆಯ ಗ್ರಂಥ ‘ದಿ ಬುದ್ಧ ಅಂಡ್ ಹಿಸ್ ಧಮ್ಮ’. ಅವರು 1956ರ ಡಿಸೆಂಬರ್ 6ರಂದು ನಿಧನರಾದರು. ಗ್ರಂಥವು 1957ರಲ್ಲಿ ಬೆಳಕು ಕಂಡಿತು. ಇಲ್ಲಿಯೂ ಉತ್ತರಿಸುವ ಓದೇ ಇದೆ. ಮುದುಕ, ರೋಗಿ, ಶವಗಳನ್ನು ಕಂಡು ಸಿದ್ಧಾರ್ಥನು ಮನೆ ಬಿಟ್ಟನೆಂಬ ಪರಂಪರೆಯ ಕಥೆಯನ್ನು ಅಂಬೇಡ್ಕರರು ಒಪ್ಪುವುದಿಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಒದಗಿದ ಕಲಹವನ್ನು ಅದರ ಸ್ಥಾನದಲ್ಲಿಡುತ್ತಾರೆ. ಆದರೆ ತರುಣ ಅರ್ಥಶಾಸ್ತ್ರಜ್ಞನು ಹೆಜ್ಜೆಹೆಜ್ಜೆಗೂ ತೋರಿಸಿದ ಆಧಾರಗಳು ಇಲ್ಲಿಲ್ಲ. ಯಾವುದು ಪಾಲಿಗ್ರಂಥಗಳ ಮಾತು, ಯಾವುದು ಗ್ರಂಥಕರ್ತನ ಮಾತು ಎಂಬುದು ಸಾಮಾನ್ಯ ಓದುಗನಿಗೆ ತಿಳಿಯದು. ಇದು ಜನರಿಗಾಗಿ ಬರೆದ ಧರ್ಮಗ್ರಂಥ, ಪ್ರೌಢಪ್ರಬಂಧವಲ್ಲ ಎಂಬ ಸಮಾಧಾನವುಂಟು. ಅದು ನ್ಯಾಯವಾದುದೇ. ಆದರೂ ಇದನ್ನು ಕೊರತೆಯೆಂದೇ ನಾನು ಭಾವಿಸುತ್ತೇನೆ. ಪ್ರಶ್ನಿಸಿ ಓದುವುದನ್ನು ಕಲಿಸಿದವರು ತಮ್ಮನ್ನು ಪ್ರಶ್ನಿಸಿ ಓದುವವರಿಗೆ ದಾರಿ ಬಿಡಬೇಕಾಗಿತ್ತು.

ಈ ಗ್ರಂಥಕ್ಕೆ 1956ರಲ್ಲಿ ಅವರೊಂದು ಮುನ್ನುಡಿಯನ್ನು ಬರೆದಿದ್ದರು. ತಂದೆಯೊಡನೆ ನಡೆದ ಆ ಮಾತುಕತೆ, ಕೆಳುಸ್ಕರರು ಕೊಟ್ಟ ಪುಸ್ತಕ, ಎರಡನ್ನೂ ಅವರು ಸ್ಮರಿಸಿರುವುದು ಅಲ್ಲಿಯೇ. ಮೊದಲ ಮುದ್ರಣದಲ್ಲಿ ಅದು ಸೇರಲಿಲ್ಲ. ಸುಮಾರು ಅರ್ಧ ಶತಮಾನದ ಋಣವು ಹೀಗೆ ಸಂದಿತು, ಆದರೆ ಸಂದಾಯದ ರಸೀತಿ ಅಂದು ಓದುಗರ ಕೈಸೇರಲಿಲ್ಲ.

ಹೊರನಾಡಿನಲ್ಲಿ ನೆಲೆಸಿದ ನಾವು ಊರಿನಿಂದ ಹೊತ್ತು ತಂದ ಪುಸ್ತಕಗಳನ್ನು ಕನ್ನಡತನದ ಗುರುತೆಂದು ಮುಂಗೋಣೆಯಲ್ಲಿ ಜೋಡಿಸಿಡುತ್ತೇವೆ. ನನ್ನ ಮನೆಯೂ ಇದಕ್ಕೆ ಹೊರತಲ್ಲ. ಅವುಗಳಲ್ಲಿ ಎಷ್ಟಕ್ಕೆ ನಾವು ಉತ್ತರ ಕೊಟ್ಟಿದ್ದೇವೆ? ಬ್ಯಾಂಕಿನಲ್ಲಿ ಉಳಿದ ಬಾಕಿಗೆ ವಾಯಿದೆಯುಂಟು. ಓದಿನ ಬಾಕಿಯನ್ನು ಕೇಳಲು ಯಾರೂ ಬರುವುದಿಲ್ಲ; ಆದಕಾರಣವೇ ಅದನ್ನು ನಾವೇ ನೆನಪಿಡಬೇಕಾಗಿದೆ.