ಮೊದಲು ಬೇರಿಂಗ್, ಆಮೇಲೆ ರಾಡ್

ಬೀದರಿನ ಕಬ್ಬಿಣದ ಅಂಗಡಿಯಲ್ಲಿ ‘ಇಎನ್ 24 ಅದೇನ್ರಿ?’ ಎಂದು ಉಕ್ಕಿನ ಗ್ರೇಡ್ ಹೆಸರಿಸಿ ಕೇಳುವುದೇ ಈಗೊಂದು ಗತ್ತು. ದಾಲ್ ಮಿಲ್ಲಿನ ಎಲಿವೇಟರ್ ಶಾಫ್ಟ್ ಓಡುವಾಗ ಬಳುಕುತ್ತದೆ, ಬೆಲ್ಟ್ ಒಂದು ಕಡೆ ಸರಿಯುತ್ತದೆ. ಮಾಲೀಕರು ದುಬಾರಿ ರಾಡು ತೂಗಿಸಿಕೊಂಡು ಹೋಗಿ ಅದೇ ಅಳತೆಯ ಹೊಸ ಶಾಫ್ಟ್ ಕೂರಿಸುತ್ತಾರೆ. ಬಳುಕು ಹಾಗೇ ಇರುತ್ತದೆ. ಇರಲೇಬೇಕು. ಬಳುಕುವ ವಿಷಯದಲ್ಲಿ ಎಂಎಸ್ (ಮೈಲ್ಡ್ ಸ್ಟೀಲ್), ಇಎನ್ 8, ಇಎನ್ 24 ಎಲ್ಲ ಹೆಚ್ಚುಕಮ್ಮಿ ಒಂದೇ. ನಿಕಲ್, ಕ್ರೋಮಿಯಂ ಬೆರೆತ ಇಎನ್ 24 ಮುರಿಯುವುದಕ್ಕೂ ಖಾಯಂ ಸೊಟ್ಟಗಾಗುವುದಕ್ಕೂ ಹೆಚ್ಚು ಹೊರೆ ಬೇಡುತ್ತದೆ, ನಿಜ. ಆದರೆ ಎರಡೂ ಖಾಯಂ ಸೊಟ್ಟಗಾಗದಷ್ಟು ಹೊರೆಯಲ್ಲಿ ಎಂಎಸ್ ಎಷ್ಟು ಬಾಗುತ್ತದೋ ಅದೂ ಅಷ್ಟೇ ಬಾಗುತ್ತದೆ. ಬಳುಕನ್ನು ತಡೆಯುವುದು ದಪ್ಪ. 35 ಮಿ.ಮೀ. ಜಾಗದಲ್ಲಿ 40 ಹಾಕಿದರೆ ಬಿಗಿ ಶೇ 70ರಷ್ಟು ಏರುತ್ತದೆ, ಯಾಕೆಂದರೆ ಇಲ್ಲಿ ನಡೆಯುವುದು ವ್ಯಾಸದ ನಾಲ್ಕನೇ ಘಾತದ ಲೆಕ್ಕ. ಇನ್ನೂ ಅಗ್ಗದ ದಾರಿ ಬೇಕೆ? ಬೇರಿಂಗುಗಳ ನಡುವಿನ ಅಂತರ ಅರ್ಧಕ್ಕೆ ಇಳಿಸಿ. ನಡುವೆ ಬೀಳುವ ಹೊರೆಗೆ ಬಾಗು ಎಂಟನೇ ಒಂದು ಪಾಲಾಗುತ್ತದೆ.

ಅದಕ್ಕೇ ನನ್ನ ಪ್ರಕಾರ ರಾಡು ಕೊಳ್ಳುವ ಕೆಲಸ ಕಬ್ಬಿಣದ ಅಂಗಡಿಯಲ್ಲಿ ಅಲ್ಲ, ಬೇರಿಂಗ್ ಅಂಗಡಿಯಲ್ಲಿ ಶುರುವಾಗಬೇಕು. ಬೇರಿಂಗಿನ ಮೇಲಿನ ನಂಬರೇ ಅಳತೆ ಹೇಳುತ್ತದೆ: 04ರಿಂದ ಮೇಲಕ್ಕೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ. 6205ಕ್ಕೆ 25, 6206ಕ್ಕೆ 30, 6208ಕ್ಕೆ 40. ಪ್ಲಮ್ಮರ್ ಬ್ಲಾಕಿನ ಯುಸಿಪಿ 208ಕ್ಕೂ ಇದೇ ಲೆಕ್ಕ. ಬೇರಿಂಗ್ ಗೊತ್ತಾದರೆ ಶಾಫ್ಟಿನ ಅಳತೆ ಗೊತ್ತಾದಂತೆ. ಅಳತೆಯಾದ ಮೇಲೆ ರಾಡಿನ ಮೈ, ಅಂದರೆ ತಣ್ಣಗೆ ಎಳೆದ ಬ್ರೈಟೋ ಹಾಟ್ ರೋಲಿಂಗಿನಿಂದ ಬಂದ ಕರಿಯೋ ಎಂಬುದು. ಗ್ರೇಡಿನ ಮಾತು ಕಟ್ಟಕಡೆಗೆ.

ಮೈಯ ವಿಷಯದಲ್ಲೇ ಹೆಚ್ಚಿನವರು ಎಡವುವುದು. 40ರ ಬೇರಿಂಗಿಗೆ 40ರ ಬ್ರೈಟ್ ಬಾರ್ ಎಂದು ತಂದುಬಿಡುತ್ತಾರೆ. ಆದರೆ ಬ್ರೈಟ್ ಬಾರ್ ಹೇಳಿದ ಅಳತೆಗಿಂತ ಕೆಳಗೇ ಇರುವಂತೆ ಮಾಡಿದ ಸರಕು. ಎಚ್ 11 ದರ್ಜೆಯದಾದರೆ 40.00ರಿಂದ 39.84ರವರೆಗೆ ಎಲ್ಲಿದ್ದರೂ ನಿಯಮಕ್ಕೆ ಸರಿ. ಎಚ್ 9 ಆದರೆ 39.938ರವರೆಗೆ. ಗ್ರಬ್ ಸ್ಕ್ರೂ ಬಿಗಿದು ನಿಲ್ಲಿಸುವ ಪ್ಲಮ್ಮರ್ ಬ್ಲಾಕಿಗೆ ಎಚ್ 9 ಸಾಕು. ಒತ್ತಿ ಕೂರಿಸಬೇಕಾದ 6208ಕ್ಕೆ ಕೆ 6 ಕೂರಿಕೆ ಬೇಕೆಂದರೆ ಶಾಫ್ಟ್ 40.002ರಿಂದ 40.018ರ ಒಳಗೆ, ಅಂದರೆ ನಲವತ್ತಕ್ಕಿಂತ ಕೂದಲಷ್ಟು ದಪ್ಪ ಇರಬೇಕು. 40ರ ಬ್ರೈಟ್ ಬಾರನ್ನು ಎಷ್ಟು ಪೂಸಿ ಹೊಡೆದರೂ ಅದು ಅಲ್ಲಿಗೆ ಮುಟ್ಟದು. 45ರ ಕರಿ ರಾಡು ತಂದು ಲೇತಿನಲ್ಲಿ ಇಳಿಸುವುದೇ ಸರಿಯಾದ ಕ್ರಮ. ಹಾಟ್ ರೋಲಿಂಗಿನಲ್ಲಿ ಕಾರ್ಬನ್ ಕಳೆದುಕೊಂಡು ಮೆತ್ತಗಾದ ಮೇಲಿನ ಪದರವೂ ಆಗ ಹೋಗುತ್ತದೆ.

ಸಡಿಲ ಶಾಫ್ಟಿಗೆ ನೌಬಾದ್, ಕೊಳಾರ ಕಡೆಯ ವರ್ಕ್‌ಶಾಪುಗಳಲ್ಲಿ, ಎಲ್ಲೆಡೆಯೂ ಇರುವ ಹಾಗೆ, ಒಂದು ಮದ್ದಿದೆ. ಬೇರಿಂಗ್ ಕೂರುವ ಜಾಗದ ಸುತ್ತ ಸೆಂಟರ್ ಪಂಚಿನಿಂದ ಒತ್ತೊತ್ತಾಗಿ ಚುಕ್ಕಿ ಹೊಡೆಯುವುದು. ಪ್ರತಿ ಚುಕ್ಕಿಯ ಅಂಚು ಎಳ್ಳಿನ ತುದಿಯಷ್ಟು ಮೇಲೇಳುತ್ತದೆ, ಬೇರಿಂಗ್ ಆ ಅಂಚುಗಳ ಮೇಲೆ ಬಿಗಿಯಾಗಿ ಏರುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ತೊಗರಿ ರಾಶಿ ಮುಗಿಯುವ ಹೊತ್ತಿಗೆ ಆ ತುದಿಗಳು ಸವೆದು ಬೇರಿಂಗ್ ಶಾಫ್ಟಿನ ಮೇಲೇ ಜಾರತೊಡಗುತ್ತದೆ. ಹಂಗಾಮಿನ ನಡುವೆ ಮಷೀನು ನಿಂತಾಗ ಇದನ್ನು ಮಾಡಿದವರನ್ನು ನಾನು ಬೈಯುವುದಿಲ್ಲ. ಹೊಸ ಶಾಫ್ಟಿಗೇ ಚುಕ್ಕಿ ಹೊಡೆದು ಕೊಟ್ಟರೆ ಮಾತ್ರ ದುಡ್ಡು ಕೊಡಬೇಡಿ.

ಅಂಗಡಿಯ ಸೈಜುಗಳಿಗೂ ಬೇರಿಂಗಿನ ಸೈಜುಗಳಿಗೂ ಯಾಕೆ ತಾಳೆಯಾಗುವುದಿಲ್ಲ ಎಂಬ ಕುತೂಹಲ ಕೆಲವರಿಗಾದರೂ ಇರಬಹುದು. ಬೇರಿಂಗ್ ಐದೈದರ ಹೆಜ್ಜೆ ಇಡುತ್ತದೆ: 25, 30, 35, 40. ರಾಡು ನಡೆಯುವುದು 20, 25, 32, 40, 50, 63, 80, 100 ಎಂಬ ಗತಿಯಲ್ಲಿ. ನಡುವೆ 28, 36, 45, 56. ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಹೆಚ್ಚುಕಮ್ಮಿ ಒಂದೇ ಅನುಪಾತದಲ್ಲಿ ದೊಡ್ಡದು. ಇದರ ಮೂಲ 1870ರ ದಶಕದ ಫ್ರೆಂಚ್ ಸೇನೆಯ ಎಂಜಿನಿಯರ್ ಚಾರ್ಲ್ಸ್ ರೆನಾರ್. ಬಲೂನು ಕಟ್ಟುವ ಹಗ್ಗಗಳ ನೂರಾರು ಅಳತೆಗಳ ಗೊಂದಲವನ್ನು ಆತ ಹದಿನೇಳಕ್ಕೆ ಇಳಿಸಿದ್ದ. ನಮಗೆ ಇದರಿಂದ ಆಗುವ ಉಪಯೋಗ ಇಷ್ಟು: 25 ಬೇಕಾದರೆ 28 ತನ್ನಿ, 30 ಬೇಕಾದರೆ 32 ಅಥವಾ 36. 35ಕ್ಕೆ 36ರ ಕರಿ ರಾಡು ಸಾಲದು. ಒಂದು ಮಿ.ಮೀ.ನಲ್ಲಿ ಕಿಟ್ಟ ಹೋಗಬೇಕು, ಸೊಟ್ಟು ಹೋಗಬೇಕು, ಗುಂಡಗೂ ಆಗಬೇಕು. 40 ತನ್ನಿ.

ಇಂಚಿನ ಕಾಟವಂತೂ ಮುಗಿದಿಲ್ಲ. 1956ರ ಕಾಯ್ದೆಯಿಂದ ದೇಶಕ್ಕೆ ಮೆಟ್ರಿಕ್ ಬಂತು. ಬಡಗಿಗಳೂ ವೆಲ್ಡರುಗಳೂ ಇಂದಿಗೂ ಸೂತಿನಲ್ಲೇ ಮಾತಾಡುತ್ತಾರೆ. ಎಂಟು ಸೂತಿಗೆ ಒಂದು ಇಂಚು. ಔರಾದಿನ ಹೊಲದಲ್ಲಿ ಸೋಯಾ ರಾಶಿ ಮಾಡುವ ಮಷೀನನ್ನೇ ನೋಡಿ. ಟ್ರ್ಯಾಕ್ಟರಿನ ಹಿಂದೆ ಮಷೀನಿಗೆ ಶಕ್ತಿ ಕೊಡುವ ಪಿಟಿಒ ಶಾಫ್ಟು ಒಂದೂ ಮೂರೆಂಟಂಶ ಇಂಚು, ಆರು ಹಲ್ಲು, ನಿಮಿಷಕ್ಕೆ 540 ಸುತ್ತು. ಈ ಬಗೆಯ ಪಿಟಿಒಗೆ ಎಲ್ಲಿ ಹೋದರೂ ಅದೇ ಅಳತೆ. ಅದೇ ಮಷೀನಿನ ಇನ್ನೊಂದು ತುದಿಯಲ್ಲಿ 40 ಮಿ.ಮೀ. ಬೇರಿಂಗ್. ಪ್ಲಮ್ಮರ್ ಬ್ಲಾಕಿನಲ್ಲೂ ಯುಸಿ 205 ಎಂದರೆ 25 ಮಿ.ಮೀ., ಯುಸಿ 205-16 ಎಂದರೆ ಒಂದು ಇಂಚು, 25.4. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಇಂಚಿನ ರಾಡನ್ನು 25ಕ್ಕೆ ಇಳಿಸಬಹುದು, 25ನ್ನು ಇಂಚಿಗೆ ಏರಿಸಲಾಗದು. ‘ಅಣ್ಣಾ, ಹಳೇದು ಹ್ಯಾಂಗಿತ್ತೋ ಹಾಂಗ ಮಾಡಿಕೊಡ್ರಿ’ ಎಂದು ಸವೆದ ಶಾಫ್ಟ್ ಎದುರಿಗಿಟ್ಟರೆ ಒಳ್ಳೆಯ ಟರ್ನರ್ ‘ಶಾಫ್ಟ್ ಇರಲ್ರಿ, ಬೇರಿಂಗ್ ಎಲ್ಲದ?’ ಎಂದೇ ಕೇಳುತ್ತಾನೆ.

ವರ್ನಿಯರ್ ಕೈಯಲ್ಲಿಲ್ಲವೆಂದರೆ ತಕ್ಕಡಿಯೇ ಸಾಕ್ಷಿ. ಮಿ.ಮೀ. ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ. 40ರ ರಾಡು ಒಂದೂವರೆ ಮೀಟರಿಗೆ 14.8 ಕಿಲೋ ತೂಗಬೇಕು. ತಕ್ಕಡಿ 13.4 ತೋರಿಸಿದರೆ ನಿಮ್ಮ ಕೈಗೆ ಬಂದಿರುವುದು ಒಂದೂವರೆ ಇಂಚಿನ ರಾಡು.

ಬ್ರೈಟ್ ಬಾರಿಗೆ ಇನ್ನೊಂದು ಗುಣವಿದೆ, ಅಂಗಡಿಯವರು ಹೇಳುವುದಿಲ್ಲ. ಡೈಯಲ್ಲಿ ತಣ್ಣಗೆ ಎಳೆದು ತೆಗೆದ ಉಕ್ಕಿನ ಮೈಯಲ್ಲಿ ಬಿಗಿತ ಸೇರಿಕೊಂಡಿರುತ್ತದೆ. ಸುತ್ತಲೂ ಸಮನಾಗಿರುವವರೆಗೆ ಅದು ನೆಟ್ಟಗೆ. ಒಂದು ಪಕ್ಕದಲ್ಲಿ ಉದ್ದಕ್ಕೆ ಚಾವಿಯ ಗಾಡಿ (ಕೀವೇ) ಕೊರೆದಿರೋ, ಆ ಪಕ್ಕದ ಬಿಗಿತ ಬಿಟ್ಟುಹೋಗಿ ಶಾಫ್ಟ್ ಬಿಲ್ಲಾಗುತ್ತದೆ. ಉದ್ದ ಗಾಡಿ ಬೇಕಾದ ಕೆಲಸಕ್ಕೆ ಕರಿ ರಾಡನ್ನೇ ತಿರುಗಿಸಿ, ಇಲ್ಲವೇ ಮೊದಲು ಗಾಡಿ ಕೊರೆದು ಆಮೇಲೆ ಕೊನೆಯ ಕಟ್ ಹಾಕಿ.

ಈಗ ಗ್ರೇಡಿಗೆ ಬರೋಣ. ಇಎನ್ ಸಂಖ್ಯೆಗಳು ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಪಟ್ಟಿಯವು. ಬ್ರಿಟನ್ ಅವನ್ನು ಎಂದೋ ಬಿಟ್ಟಿತು, ನಾವು ಬಿಟ್ಟಿಲ್ಲ. ನಮ್ಮ ಭಾಗದ ಮುಕ್ಕಾಲುಪಾಲು ಕೆಲಸಕ್ಕೆ ಇಎನ್ 8 ಸಾಕು, ಸುಮಾರು ಶೇ 0.4 ಕಾರ್ಬನ್. ಎಳೆತ, ಹೊಡೆತ ಎರಡೂ ಹೆಚ್ಚಿದ್ದಲ್ಲಿ ಇಎನ್ 19. ಕೆಲವರು ಕಟ್ಟಡದ ಟಿಎಂಟಿ ರಾಡನ್ನೇ ಲೇತಿಗೆ ಕಟ್ಟುತ್ತಾರೆ. ಅದರ ಬಲವೆಲ್ಲ ಗಟ್ಟಿಯಾದ ಹೊರಪದರದಲ್ಲಿದೆ, ಲೇತು ಮೊದಲು ತೆಗೆದುಹಾಕುವುದೇ ಅದನ್ನು.

ಗ್ರೇಡ್ ಏರಿಸಿದ್ದೇ ಕೇಡಾಗುವ ಪ್ರಸಂಗವೂ ಉಂಟು. ರಾಶಿ ಮಷೀನಿನ ಶಾಫ್ಟಿಗೆ ಸ್ಪ್ರಾಕೆಟ್ಟನ್ನೋ ಹ್ಯಾಮರ್ ಪ್ಲೇಟನ್ನೋ ನೇರ ವೆಲ್ಡ್ ಮಾಡುವುದು ಹಳ್ಳಿಯ ರೂಢಿ. ಎಂಎಸ್ ಅದನ್ನು ತಡೆದುಕೊಳ್ಳುತ್ತದೆ. ಇಎನ್ 8ನ್ನು ಮೊದಲು ಕಾಯಿಸದೆ ವೆಲ್ಡ್ ಮಾಡಿದರೆ ಬೆಸುಗೆಯ ಅಂಚು ಗಾಜಿನಂತೆ ಗಡುಸಾಗಿ ಬಿರುಕು ಬಿಡುತ್ತದೆ. ಬೀದರ್ ಕೋಟೆಯ ಬುರುಜಿನ ಮೇಲೆ ಕಬ್ಬಿಣದ ಪಟ್ಟಿಗಳನ್ನು ಕಾಯಿಸಿ ಬೆಸೆದು ಬಳೆ ತೊಡಿಸಿ ಕಟ್ಟಿದ ತೋಪುಗಳಿವೆ. ಆ ಮೆದು ಕಬ್ಬಿಣದಲ್ಲಿ ಕಾರ್ಬನ್ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೇ ಅದು ಬೆಸುಗೆಗೆ ಒಗ್ಗಿತು. ವೆಲ್ಡ್ ತಪ್ಪದು ಎಂದಾದರೆ ಎಂಎಸ್ ಹಾಕಿ, ಒಂದು ಸೈಜು ದಪ್ಪ ಮಾಡಿ.

ಭಾಲ್ಕಿಯ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಟ್ರಾಲಿಯ ಆಕ್ಸಲ್ ಮುರಿದು ರಸ್ತೆ ಬದಿಗೆ ಒರಗಿದ ಗಾಡಿ ಕಂಡರೆ ಇಳಿದು ಆ ಮುರಿದ ಮುಖವನ್ನೊಮ್ಮೆ ನೋಡಿ. ಚೌಕ ಸಲಾಕೆ ಗುಂಡಗಾಗುವ ಮೂಲೆಯಲ್ಲೇ ಮುರಿದಿರುತ್ತದೆ. ಒಂದು ಅಂಚಿನಿಂದ ಶುರುವಾಗಿ ಅರ್ಧಕ್ಕೂ ಹೆಚ್ಚು ಭಾಗ ನುಣುಪು, ಅದರ ಮೇಲೆ ಒಂದರ ಹಿಂದೊಂದು ಬಾಗಿದ ಗೆರೆಗಳು. ಕೊನೆಯ ಚೂರು ಮಾತ್ರ ಹರಳು ಹರಳಾಗಿ ಹೊಳೆಯುತ್ತದೆ. ನುಣುಪು ಭಾಗ ದಿನಗಟ್ಟಲೆ, ಬಹುಶಃ ತಿಂಗಳುಗಟ್ಟಲೆ ಸೀಳುತ್ತ ಬಂದದ್ದು. ಹರಳಿನ ಭಾಗ ಆ ಒಂದು ಕ್ಷಣದ್ದು. ‘ಮಾಲು ಖರಾಬ್’ ಎಂದು ಅಂಗಡಿಯವನ ಮೇಲೆ ಹೋಗುತ್ತಾರೆ. ಬಹಳ ಸಲ ತಪ್ಪು ಟೂಲಿನದು: ಮೂಲೆಯನ್ನು ಚಾಕುವಿನಂತೆ ಚೂಪಾಗಿ ಬಿಟ್ಟಿರುತ್ತಾರೆ. ಟೂಲಿನ ಮೂಗನ್ನು ಗುಂಡಗೆ ಸಾಣೆ ಹಿಡಿದು ಆ ಮೂಲೆಗೆ ಎರಡು ಮೂರು ಮಿ.ಮೀ. ತಿರುವು ಕೊಟ್ಟರೆ ಅದೇ ಸಲಾಕೆ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ನಮ್ಮದೇ ಕಲ್ಯಾಣ ಕರ್ನಾಟಕದ ಗಿಣಿಗೇರಾದಲ್ಲಿ ಕಲ್ಯಾಣಿ ಸ್ಟೀಲ್ಸ್ ಮಿಶ್ರಲೋಹದ ಉಕ್ಕಿನ ರಾಡು ಮಾಡುತ್ತದೆ. ಆದರೂ ಬೀದರಿನವರಿಗೆ ಚೂರು ಲೆಕ್ಕದಲ್ಲಿ ಬೇಕಾದರೆ ಹೈದರಾಬಾದಿನ ರಾಣಿಗಂಜ್, ಬಾಲಾನಗರವೇ ಹತ್ತಿರ. ರೈಲಿಲ್ಲದ ಔರಾದಿನವರಿಗೆ ಉದಗೀರವೂ ಕೈಗೆಟಕುತ್ತದೆ. ಎಲ್ಲೇ ಕೊಳ್ಳಿ, ಗರಗಸದಲ್ಲಿ ಕತ್ತರಿಸಿ ಕೊಡಲು ಹೇಳಿ. ಶಿಯರಿಂಗ್ ಮಷೀನಿನಲ್ಲಿ ಕಡಿದ ತುದಿ ಜಜ್ಜಿ ಬಾಗಿರುತ್ತದೆ, ಆ ಭಾಗ ಎಸೆಯಬೇಕಾಗುತ್ತದೆ. ಗ್ರೇಡಿನ ಬಗ್ಗೆ ಅನುಮಾನವಿದ್ದರೆ ಅಲ್ಲೇ ಗ್ರೈಂಡರಿಗೆ ತಾಗಿಸಿ. ಎಂಎಸ್ ಕಿಡಿ ಉದ್ದಕ್ಕೆ ನೆಟ್ಟಗೆ ಹೋಗುತ್ತದೆ, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಸಿಡಿಯುತ್ತದೆ. ಇಎನ್ 8 ಕಿಡಿ ನಡುವೆಯೇ ಕವಲೊಡೆದು ನಕ್ಷತ್ರವಾಗುತ್ತದೆ. ಎರಡನ್ನೂ ಪಕ್ಕಪಕ್ಕ ಹಿಡಿದರೆ ಕಣ್ಣಿಗೆ ಮೋಸವಾಗದು. ಮನೆಗೆ ತಂದ ಮೇಲೆ ಗ್ರೇಡಿನ ಗುರುತಿಗೆ ಬಣ್ಣ ಬಳಿದ ತುದಿಯಿಂದ ಕತ್ತರಿಸಬೇಡಿ, ಇನ್ನೊಂದು ತುದಿಯಿಂದ ಕತ್ತರಿಸುತ್ತ ಬನ್ನಿ. ಬಣ್ಣದ ಚೂರು ಮೊದಲೇ ಹೋದರೆ ಮೂಲೆಯಲ್ಲಿ ನಿಂತ ಉಳಿದ ರಾಡು ಯಾವ ಗ್ರೇಡಿನದೆಂದು ಮುಂದಿನ ವರ್ಷ ನಿಮಗೇ ಗೊತ್ತಾಗುವುದಿಲ್ಲ.