ಡೀಸೆಲ್, ಕಿಟ್ಟೆಲ್ ಮತ್ತು ನಮ್ಮ ನಾಲಗೆ

ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲಿ ಜರ್ಮನ್ ಬಲ್ಲವರನ್ನು ಹುಡುಕಿಕೊಂಡು ಯಾರೂ ಹೋಗಲಾರರು. ಆದರೂ ಟ್ರ್ಯಾಕ್ಟರ್ ಇದ್ದ ಮನೆಯಲ್ಲೆಲ್ಲ ಜರ್ಮನರ ಒಂದು ಮನೆತನದ ಹೆಸರು ದಿನವೂ ಕೇಳಿಬರುತ್ತದೆ. ಎಂಜಿನ್ನಿನ ಕರ್ತೃ ರುಡಾಲ್ಫ್ ಡೀಸೆಲನದು (1858–1913) ಆ ಹೆಸರು. ಬಂಕಿನ ಹಲಗೆಯ ಮೇಲೆ ‘ಡೀಸೆಲ್’. ರೈತನ ಬಾಯಲ್ಲಿ ‘ಡೀಜಲ್’. ಇಬ್ಬರಲ್ಲಿ ಯಾರು ಸರಿ? ಸ್ವರಗಳ ನಡುವಣ ಸಕಾರವನ್ನು ಉತ್ತರ ಜರ್ಮನಿಯವರು ಜಕಾರದತ್ತ ಎಳೆದು ನುಡಿಯುತ್ತಾರೆ. ಆ ಎಂಜಿನ್ನು ಸಿದ್ಧವಾದ ಔಗ್ಸ್‌ಬರ್ಗಿನ ಕಡೆ, ದಕ್ಷಿಣದಲ್ಲಿ, ಅದು ಸಕಾರವಾಗಿಯೇ ಉಳಿಯುತ್ತದೆ. ಹಲಗೆಯೂ ಸರಿ, ರೈತನೂ ಸರಿ.

ಈ ಮಾತು ಏಕೆ ಬಂತೆಂದರೆ, ಬಾಸೆಲ್ ಮಿಶನ್ನಿನ ವಿದ್ವಾಂಸರ ಹೆಸರುಗಳನ್ನು ನಮ್ಮ ಪುಸ್ತಕಗಳು ಒಂದೊಂದು ಬಗೆಯಾಗಿ ಬರೆಯುತ್ತವೆ. ‘ಶುದ್ಧ’ ರೂಪ ತನ್ನಲ್ಲಿದೆಯೆಂದು ಪ್ರತಿಯೊಂದರ ನಂಬಿಕೆ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮಹನೀಯ ಒಂದು ಕಡೆ ಮೋಗ್ಲಿಂಗ್, ಇನ್ನೊಂದು ಕಡೆ ಮೊಗ್ಲಿಂಗ್. ಆ ಹೆಸರಿನ ಮೊದಲ ಸ್ವರ ಕನ್ನಡದಲ್ಲಿಲ್ಲ: ತುಟಿಯನ್ನು ‘ಓ’ ಎಂಬಂತೆ ದುಂಡಗೆ ಮಾಡಿ ‘ಏ’ ಎನ್ನಬೇಕು. ತಮಾಷೆಯೆಂದರೆ, ಆತ ಹುಟ್ಟಿದ ವ್ಯೂರ್ಟೆಂಬೆರ್ಗ್ ಸೀಮೆಯ ಹಳ್ಳಿಗರೂ ತುಟಿ ದುಂಡಗೆ ಮಾಡುವ ಗೋಜಿಗೆ ಹೋಗದೆ ‘ಮೇಗ್ಲಿಂಗ್’ ಎಂದುಬಿಡುತ್ತಾರೆ. ಹೀಗಿರುವಾಗ ನಮ್ಮವರು ಶುದ್ಧಿಗಾಗಿ ಹೆಣಗುವುದು ಯಾರನ್ನು ಮೆಚ್ಚಿಸಲು?

ಕಿಟ್ಟೆಲರ ವಿಷಯ ಇನ್ನೂ ಸೊಗಸು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಅವರ ನಿಘಂಟನ್ನು ತೆರೆಯದ ಕನ್ನಡ ಅಧ್ಯಾಪಕನಿಲ್ಲ. ಜರ್ಮನ್ ಬರಹದಲ್ಲಿ ಅವರ ಹೆಸರಿಗೆ ಎರಡು ಟಕಾರಗಳಿರುವುದು ಹಿಂದಿನ ಸ್ವರ ಹ್ರಸ್ವವೆಂದು ತಿಳಿಸಲು ಮಾತ್ರ, ಉಚ್ಚಾರಣೆಯಲ್ಲಿ ದ್ವಿತ್ವವಿಲ್ಲ. ಒತ್ತು ಕೊಟ್ಟವರು ನಾವು. ಕಿಟ್ಟ, ಕಿಟ್ಟಣ್ಣ, ಕಿಟ್ಟಪ್ಪ ಎಂದು ಕೂಗಿ ಪಳಗಿದ ನಾಲಗೆಗೆ ‘ಕಿಟ್ಟೆಲ್’ ನೆಂಟನ ಹೆಸರಿನಂತೆ ಒಗ್ಗಿತು. ಲಾಲ್‌ಬಾಗನ್ನು ಬೆಳೆಸಿದ ತೋಟಗಾರನ ಹೆಸರಿಗೂ ಬೆಂಗಳೂರಿಗರು ಕೃಷ್ಣನ ‘ಕೃ’ವನ್ನೇ ಹಚ್ಚಿ ‘ಕೃಂಬಿಗಲ್ ರಸ್ತೆ’ ಮಾಡಿಕೊಂಡಿದ್ದಾರೆ. ಇವುಗಳನ್ನು ತಿದ್ದುವುದು ಅರಸಿಕತನ.

ಆದರೆ ‘ವೀಗಲ್’ ಎಂಬ ರೂಪವನ್ನು ನಾನು ಒಪ್ಪಲಾರೆ. ಮೋಗ್ಲಿಂಗರ ಬಂಧು, ಕನ್ನಡ ಬೈಬಲ್ಲಿನ ಅನುವಾದಕ್ಕೆ ದುಡಿದ ಗಾಟ್‌ಫ್ರೀಡ್ ಅವರ ಮನೆತನದ ಹೆಸರು ‘ವೈಗ್ಲೆ’. ಕೊನೆಯ ‘ಲೆ’ ಶ್ವಾಬಿಯ ಸೀಮೆಯ ಹೆಸರುಗಳ ಗುರುತು. ‘ವೀಗಲ್’ ಆದದ್ದು ಕನ್ನಡದ ನಾಲಗೆಯಿಂದಲ್ಲ. ರೋಮನ್ ಅಕ್ಷರಗಳನ್ನು ಇಂಗ್ಲಿಷ್ ಕಣ್ಣಿನಿಂದ ಓದಿದ್ದರಿಂದ. ನನ್ನ ವಿದ್ಯಾರ್ಥಿಯೊಬ್ಬ ವೀಗಲ್ ಬೇರೆ, ವೈಗ್ಲೆ ಬೇರೆ ಎಂದು ಭಾವಿಸಿ, ಪ್ರಬಂಧದಲ್ಲಿ ಒಬ್ಬ ಪಾದ್ರಿಯನ್ನು ಇಬ್ಬರನ್ನಾಗಿ ಮಾಡಿ ತಂದ. ಅವನ ಮುಂದಿದ್ದ ಎರಡು ಪುಸ್ತಕಗಳು ಹಾಗೆಯೇ ಹೇಳುತ್ತಿದ್ದುವು. ಅಂಕ ಕಳೆಯಲು ನನಗೆ ಮನಸ್ಸು ಬರಲಿಲ್ಲ. ಧಾರವಾಡದ ಜೀಗ್ಲರ್ ಸಾಹೇಬರ ಹೆಸರಿನ ಆದಿಯಲ್ಲಿ ‘ತ್ಸ’ ಇರಬೇಕಾದದ್ದು ನಿಜ, ಆದರೆ ಅದರಿಂದ ಯಾರೂ ದಾರಿ ತಪ್ಪಲಿಲ್ಲ. (ಅಂದಹಾಗೆ, ಆ ಹೆಸರಿನ ಅರ್ಥ ಇಟ್ಟಿಗೆ, ಹೆಂಚು ಮಾಡುವವ, ಮಿಶನ್ನು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ.)

ಸಂಪಾದಕರಲ್ಲಿ ನನ್ನ ಬೇಡಿಕೆ ಸಣ್ಣದು. ಪುಸ್ತಕದ ಕೊನೆಯ ಅಕಾರಾದಿಯಲ್ಲಿ ‘ವೀಗಲ್’ ಎಂಬಲ್ಲಿ ‘ವೈಗ್ಲೆ ನೋಡಿ’ ಎಂದು ಒಂದು ಸಾಲು ಅಚ್ಚು ಹಾಕಿಸಲಿ.