ಸರಾಯೆವೊದ ಬೊಲೆರೊ

1984ರ ಫೆಬ್ರವರಿ 14ರಂದು ಆಗಿನ ಯುಗೊಸ್ಲಾವಿಯಾದ ಸರಾಯೆವೊ ನಗರದಲ್ಲಿ, ಚಳಿಗಾಲದ ಒಲಿಂಪಿಕ್ಸ್‌ಗೆಂದು ಕಟ್ಟಿದ ಝೆಟ್ರಾ ಕ್ರೀಡಾಂಗಣದಲ್ಲಿ, ಜೇನ್ ಟಾರ್ವಿಲ್ ಮತ್ತು ಕ್ರಿಸ್ಟೋಫರ್ ಡೀನ್ ಮಂಜುಗಡ್ಡೆಯ ಮೇಲೆ ನರ್ತಿಸಿದರು. ಇಬ್ಬರೂ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವರು. ಆಕೆ ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರು, ಆತ ಪೊಲೀಸಿನಲ್ಲಿದ್ದವರು. ನಮಗೆ ಸಿಕ್ಕಿರುವುದು ವಿಡಿಯೋ ಮಾತ್ರ. ಆದರೆ ಅದನ್ನು ನೋಡುವಾಗಲೆಲ್ಲ ನಮ್ಮ ಕಣ್ಣು ಹಿಂದಿನ ಸಾಲುಗಳಲ್ಲಿ ಕುಳಿತವರ ಕಡೆಗೇ ಹೋಗುತ್ತದೆ.

ರಾವೆಲ್ 1928ರಲ್ಲಿ ರಚಿಸಿದ 'ಬೊಲೆರೊ' ಸುಮಾರು ಕಾಲು ಗಂಟೆಯ ಸಂಗೀತ. ಒಂದೇ ಲಯ ಬಿಡದೆ ನಡೆಯುತ್ತದೆ, ವಾದ್ಯಗಳು ಸೇರುತ್ತ ಸೇರುತ್ತ ನಾದ ಏರುತ್ತದೆ. ಅದನ್ನು ಎಷ್ಟು ಕತ್ತರಿಸಿದರೂ 4 ನಿಮಿಷ 28 ಸೆಕೆಂಡಿಗಿಂತ ಕೆಳಗಿಳಿಯಲಿಲ್ಲ. ನಿಯಮ ಒಪ್ಪುತ್ತಿದ್ದುದು 4 ನಿಮಿಷ 10 ಸೆಕೆಂಡು. ಆದರೆ ಆಗ ಗಡಿಯಾರ ಓಡತೊಡಗುತ್ತಿದ್ದುದು ಸ್ಕೇಟಿನ ಅಲಗು ಮಂಜುಗಡ್ಡೆಗೆ ತಾಗಿದ ಮೇಲೆ. ಹಾಗಾಗಿ ಮೊದಲ 18 ಸೆಕೆಂಡು ಇಬ್ಬರೂ ಮಂಡಿಯೂರಿಯೇ ತೂಗಾಡಿದರು. ನೃತ್ಯದ ಅತ್ಯಂತ ಚೆಲುವಾದ ಭಾಗ ಇದೇ. ಕಾಫಿಯಾ, ರದೀಫ್‌ಗಳ ಕಟ್ಟಿನೊಳಗೆ ಶೇರ್ ಹೊಸೆದವರಿಗೆ ಇದು ಪರಿಚಯದ ಸಂಗತಿಯೇ.

ಕ್ಯಾಮೆರಾ ಇಬ್ಬರ ಬೆನ್ನು ಹತ್ತುತ್ತದೆ, ಆದ್ದರಿಂದ ಅವರು ಎಷ್ಟು ದೂರ ಜಾರಿದರೆಂಬುದು ನಮಗೆ ತಿಳಿಯುವುದೇ ಇಲ್ಲ. ಅಲ್ಲಿ ಕುಳಿತವರ ಮುಂದೆ ಬಿಳಿಯ ಹಾಸು ಪೂರ್ತಿಯಾಗಿ ಬಿದ್ದಿತ್ತು. ಅಷ್ಟಗಲದ ಬಯಲಲ್ಲಿ ನೇರಳೆ ಬಟ್ಟೆಯ ಎರಡು ಜೀವಗಳು. ಮುಶಾಯಿರಾದ ಕ್ಯಾಸೆಟ್ ಕೇಳಿದವರಿಗೆ ಗೊತ್ತಿರುತ್ತದೆ, ಶೇರ್ ಪೂರ್ತಿ ಇರುತ್ತದೆ, ಎರಡನೆಯ ಸಾಲಿಗಾಗಿ ಸಭೆ ಉಸಿರು ಹಿಡಿದ ಆ ಹೊತ್ತು ಮಾತ್ರ ಇರುವುದಿಲ್ಲ.

ಕೊನೆಯಲ್ಲಿ ಇಬ್ಬರೂ ಉರುಳಿ ಬೀಳುತ್ತಾರೆ. ಒಂದಾಗಲಾರದ ಪ್ರೇಮಿಗಳು ಜ್ವಾಲಾಮುಖಿಗೆ ಹಾರಿಕೊಂಡರೆಂಬುದು ಅವರು ಕಟ್ಟಿಕೊಂಡ ಕಥೆ. ಕಥೆ ಬರೆಯುವವರಾಗಿ ಹೇಳುವುದಾದರೆ, ಈ ಕಥೆ ಬೇಕಿರಲಿಲ್ಲ. ಸಂಗೀತವೇ ಸಾಕಿತ್ತು. ತೀರ್ಪುಗಾರರಿಗೆ ಹಾಗೇನೂ ಅನಿಸಲಿಲ್ಲ ಬಿಡಿ. ಕಲಾತ್ಮಕತೆಗೆ ಒಂಬತ್ತು ಮಂದಿಯೂ 6.0 ಕೊಟ್ಟರು.

ಆ ಸಂಜೆ ಚಪ್ಪಾಳೆ ತಟ್ಟಿದ ಊರನ್ನು 1992ರಲ್ಲಿ ಬೋಸ್ನಿಯನ್ ಸರ್ಬ್ ಪಡೆಗಳು ಮುತ್ತಿದವು. ಒಲಿಂಪಿಕ್ಸ್‌ನ ಬಾಬ್‌ಸ್ಲೆ ಓಡಿದ ಟ್ರೆಬೆವಿಚ್ ಬೆಟ್ಟದಿಂದಲೇ ಫಿರಂಗಿಗಳು ಗುಂಡು ಹಾರಿಸಿದವು. ಝೆಟ್ರಾ ಸುಟ್ಟು ಕುಸಿಯಿತು. ಅದರ ನೆಲಮಾಳಿಗೆ ಶವಾಗಾರವಾಯಿತು. ಪ್ರೇಕ್ಷಕರ ಮರದ ಆಸನಗಳನ್ನು ಕಿತ್ತು ಶವಪೆಟ್ಟಿಗೆ ಮಾಡಿದರು. ಪಕ್ಕದ ಬಯಲು ಖಬರಸ್ಥಾನವಾಯಿತು. ಬೊಲೆರೊವನ್ನು ಹೊಗಳುವ ಬರಹಗಳು ಹಲವು. ಅಂಕ, ವಸ್ತ್ರ, ಇಬ್ಬರ ನಡುವೆ ಪ್ರೇಮವಿತ್ತೇ ಎಂಬ ಚರ್ಚೆಗೆ ಅವುಗಳಲ್ಲಿ ಸಾಕಷ್ಟು ಜಾಗವಿದೆ. ಆ ಆಸನಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು.

ಕ್ರೀಡಾಂಗಣವನ್ನು ಮತ್ತೆ ಕಟ್ಟಿ 1999ರಲ್ಲಿ ತೆರೆದರು. 2014ರ ಫೆಬ್ರವರಿಯಲ್ಲಿ, ಮೂವತ್ತು ವರ್ಷಗಳ ನಂತರ, ಟಾರ್ವಿಲ್ ಮತ್ತು ಡೀನ್ ಅಲ್ಲಿಗೆ ಮರಳಿ ಅದೇ ಬೊಲೆರೊ ಆಡಿದರು. ಆಕೆಗೆ 56, ಆತನಿಗೆ 55. ತೀರ್ಪುಗಾರರಿರಲಿಲ್ಲ, ಗಡಿಯಾರದ ಭಯವೂ ಇರಲಿಲ್ಲ. ಸುತ್ತಲೂ ಸರಾಯೆವೊದ ಜನ ಕುಳಿತಿದ್ದರು, ಹೊಸ ಆಸನಗಳ ಮೇಲೆ.